ಓದುಗರ ಪ್ರಶ್ನೆ: ಮೂರು ಬಗೆಯ ಪುಸ್ತಕ, ಒಂದು ವಿಮರ್ಶೆ

ಪ್ರಶ್ನೆ: ಹೊಸದಾಗಿ ಬಂದ ಒಂದು ಕವನ ಸಂಕಲನ, ಒಂದು ವ್ಯಕ್ತಿತ್ವ ವಿಕಸನದ ಪುಸ್ತಕ, ಒಂದು ಇತಿಹಾಸ ಗ್ರಂಥ. ಮೂರನ್ನೂ ಸೇರಿಸಿ 1,000 ಪದಗಳಲ್ಲಿ ವಿಮರ್ಶೆ ಬರೆಯಬೇಕಿದೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಸಮಪಾಲು ಮಾಡಲು ಹೋಗಬೇಡಿ. ಹೇಳಲು ಹೆಚ್ಚಿರುವ ಪುಸ್ತಕಕ್ಕೆ 500 ಪದ, ಉಳಿದವಕ್ಕೆ 250ರಂತೆ ಸಾಕು. ಮುನ್ನುಡಿ, ಬೆನ್ನುಡಿಗಳನ್ನು ಕೊನೆಯಲ್ಲಿ ಓದಿ; ಮೊದಲೇ ಓದಿದರೆ ಮುನ್ನುಡಿಕಾರರ ಮಾತು ನಿಮಗೇ ತಿಳಿಯದೆ ನಿಮ್ಮ ಬರಹದಲ್ಲಿ ಬಂದು ಕೂರುತ್ತದೆ. ಪ್ರಕಟಣೆಯ ವಿವರಗಳ ಪುಟವನ್ನು ಮಾತ್ರ ಆರಂಭದಲ್ಲೇ ನೋಡಿ. ಹೊಸ ಮುಖಪುಟ ಹೊತ್ತ ಮರುಮುದ್ರಣವನ್ನು ಹೊಸ ಪುಸ್ತಕವೆಂದು ಪರಿಚಯಿಸುವ ಮುಜುಗರ ತಪ್ಪುತ್ತದೆ.

ಕವನ ಸಂಕಲನವನ್ನು ಎರಡು ಸಲ ಓದಿ, ಅದರಲ್ಲಿ ಒಂದು ಸಲ ಗಟ್ಟಿಯಾಗಿ. ಆಮೇಲೆ ಒಂದು ಪದ್ಯವನ್ನು ಸಾಲು ಮುರಿಯದೆ ಗದ್ಯದಂತೆ ಬರೆದುಕೊಳ್ಳಿ. ಲಯವಾಗಲಿ, ಅರ್ಥವಾಗಲಿ ಏನೂ ಕಳೆದುಹೋಗಿಲ್ಲ ಅನಿಸಿದರೆ ಅಲ್ಲಿ ಸಾಲು ಮುರಿದದ್ದಕ್ಕೆ ಕಾರಣವಿಲ್ಲ. ನಾಲ್ಕು ಸಾಲು ಉದ್ಧರಿಸಿ ಅದನ್ನು ತೋರಿಸಿಕೊಡಿ. ‘ಭಾವಪೂರ್ಣ’, ‘ಮನಮುಟ್ಟುವ’ ಎಂಬ ವಿಶೇಷಣಗಳು ಯಾವ ಸಂಕಲನಕ್ಕೂ ಹೊಂದುತ್ತವೆ. ಹಾಗಾಗಿ ಯಾವುದಕ್ಕೂ ಬೇಡ.

ವ್ಯಕ್ತಿತ್ವ ವಿಕಸನದ ಪುಸ್ತಕದಲ್ಲಿ ಭಾಷೆಗಿಂತ ಮೊದಲು ಹಿಡಿಯಬೇಕಾದದ್ದು ಅದರ ಭರವಸೆಗಳನ್ನು. ‘21 ದಿನದಲ್ಲಿ ಹೊಸ ಅಭ್ಯಾಸ’ ಎಂಬುದನ್ನೇ ನೋಡಿ. 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು, ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಸುಮಾರು 21 ದಿನ ಬೇಕು ಎಂದು ಬರೆದರು. ಬಾಯಿಂದ ಬಾಯಿಗೆ ಹೋಗುತ್ತ ‘ಕನಿಷ್ಠ’ ಉದುರಿತು, ರೋಗಿಗಳೂ ಮಾಯವಾದರು. 2010ರಲ್ಲಿ ಅಚ್ಚಾದ ಲಂಡನ್ನಿನ ಅಧ್ಯಯನವೊಂದರ ಪ್ರಕಾರ ಅಭ್ಯಾಸ ರೂಢಿಯಾಗಲು ಬೇಕಾಗುವ ಅಂದಾಜು 18ರಿಂದ 254 ದಿನ, ಮಧ್ಯಾಂಕ (ಏರಿಕೆ ಕ್ರಮದಲ್ಲಿ ನಡುವೆ ಬರುವ ಸಂಖ್ಯೆ) 66. ‘ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ’ ಎಂಬುದೂ ಇಂಥದ್ದೇ: ಈ ಅಂಕಿಗೆ ಮೂಲವಾದ 1967ರ ಪ್ರಯೋಗಗಳು ಭಾವನೆಗಳನ್ನು ಗುರುತಿಸುವುದಕ್ಕಷ್ಟೇ ಸೀಮಿತ, ಎಲ್ಲ ಮಾತುಕತೆಗೂ ಅನ್ವಯಿಸುವುದಿಲ್ಲ. ಇಂಥ ಹೇಳಿಕೆಗೆ ಆಕರ ಕೊಟ್ಟಿದ್ದಾರೆಯೇ ಅಥವಾ ‘ಸಂಶೋಧನೆ ಹೇಳುತ್ತದೆ’ ಎಂದು ದಾಟಿಬಿಟ್ಟಿದ್ದಾರೆಯೇ ಎಂಬುದನ್ನು ಬರೆಯಿರಿ. ಪ್ರತಿ ಅಧ್ಯಾಯವನ್ನು ಒಂದು ವಾಕ್ಯಕ್ಕೆ ಇಳಿಸಿ. ಐದಾರು ಅಧ್ಯಾಯಗಳಿಗೆ ಒಂದೇ ವಾಕ್ಯ ಬಂದರೆ ಪುಸ್ತಕವನ್ನು ಹಿಗ್ಗಿಸಲಾಗಿದೆ ಎಂದರ್ಥ.

ಪ್ರಶ್ನೆ: ನಾನು ಇತಿಹಾಸ ಓದಿದವನಲ್ಲ. ಆ ಗ್ರಂಥದ ಸರಿತಪ್ಪು ಹೇಗೆ ಹೇಳಲಿ?

ಉತ್ತರ: ಪೂರ್ತಿ ಹೇಳಲಾರಿರಿ, ಹೇಳಿದಂತೆ ನಟಿಸಲೂಬೇಡಿ. ಆದರೆ ಪರೀಕ್ಷಿಸಲು ದಾರಿಯಿದೆ. ವಾದಕ್ಕೆ ಆಧಾರವಾಗಿರುವ ಐದು ಹೇಳಿಕೆಗಳನ್ನು ಆರಿಸಿ, ಅವುಗಳ ಅಡಿಟಿಪ್ಪಣಿ ಹಿಡಿದು ಮೂಲದವರೆಗೆ ಹೋಗಿ. ಮೂಲದಲ್ಲಿ ‘ಇರಬಹುದು’ ಎಂದಿದ್ದದ್ದು ಇಲ್ಲಿ ‘ಇದೆ’ ಆಗಿದೆಯೇ? ಶೇಕಡಾವಾರು ಕೊಟ್ಟಲ್ಲಿ ಒಟ್ಟು ಎಷ್ಟರಲ್ಲಿ ಎಂದಿದೆಯೇ? ತಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಲೇಖಕರು ಎದುರಿಸಿದ್ದಾರೆಯೇ, ಬದಿಗೆ ಸರಿಸಿದ್ದಾರೆಯೇ? 300 ಪುಟದ ಗ್ರಂಥಕ್ಕೆ ಪದಸೂಚಿ ಇಲ್ಲದಿದ್ದರೆ ಅದನ್ನೂ ಹೇಳಿ, ಮತ್ತೆ ಹುಡುಕಿ ಓದುವವರಿಗೆ ಅದು ದೊಡ್ಡ ಕೊರತೆ.

ಪ್ರಶ್ನೆ: ಕವಿ ನನ್ನ ಸ್ನೇಹಿತರು. ಬರೆಯಬಹುದೇ?

ಉತ್ತರ: ಸಂಪಾದಕರಿಗೆ ಮೊದಲೇ ತಿಳಿಸಿ. ಅವರು ಒಪ್ಪಿದರೆ ಸ್ನೇಹದ ಸಂಗತಿ ವಿಮರ್ಶೆಯಲ್ಲೂ ಒಂದು ವಾಕ್ಯದಲ್ಲಿ ಬರಲಿ. ಆ ಪುಸ್ತಕವನ್ನು ಬೇರೆ ವಿಮರ್ಶಕರಿಗೆ ಬಿಟ್ಟುಕೊಡುವುದು ಇನ್ನೂ ಮೇಲು.

ಪ್ರಶ್ನೆ: ಅಚ್ಚಿನ ತಪ್ಪುಗಳನ್ನು ಪಟ್ಟಿಮಾಡಬೇಕೇ?

ಉತ್ತರ: ಅರ್ಥ ಕೆಡಿಸುವಂಥವನ್ನು ಮಾತ್ರ, ಪುಟಸಂಖ್ಯೆಯೊಂದಿಗೆ. ಉಳಿದವನ್ನು ಪ್ರಕಾಶಕರಿಗೆ ಬೇರೆಯಾಗಿ ಕಳಿಸಿ, ಮುಂದಿನ ಮುದ್ರಣಕ್ಕೆ ಅವರಿಗೆ ಬೇಕಾಗುತ್ತದೆ.