ಆರ್ಕ್ಟಿಕ್ ಮಂಕೀಸ್ ಬ್ಯಾಂಡಿನ ಸಂಗೀತ ಇಷ್ಟೊಂದು ಬದಲಾದದ್ದು ಹೇಗೆ?

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 2002ರಲ್ಲಿ ಹುಟ್ಟಿದ ಈ ಬ್ಯಾಂಡ್, ತನ್ನ ಆರಂಭದ ಹಾಡುಗಳ ಸಿ.ಡಿ.ಗಳನ್ನು ಕಾರ್ಯಕ್ರಮಗಳಲ್ಲಿ ಉಚಿತವಾಗಿ ಹಂಚುತ್ತಿತ್ತು. ಅಭಿಮಾನಿಗಳೇ ಅವನ್ನು ಅಂತರ್ಜಾಲದಲ್ಲಿ ಹರಡಿದರು. 2006ರ ಮೊದಲ ಆಲ್ಬಂ ಬ್ರಿಟನ್‌ನಲ್ಲಿ ಒಂದೇ ವಾರದಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಧಾವಿಸುವ ಗಿಟಾರ್, ಬಿರುಸಾದ ಡ್ರಮ್ಸ್, ಟ್ಯಾಕ್ಸಿಯ ಸರದಿ, ಕ್ಲಬ್ಬಿನ ಬಾಗಿಲು ಕಾಯುವವರ ದರ್ಪ: ಊರಿನ ರಾತ್ರಿಯೇ ಅಲ್ಲಿ ಹಾಡಾಗಿತ್ತು.

ನಿಜವಾದ ತಿರುವು 2009ರ ‘ಹಂಬಗ್’ ಆಲ್ಬಂ ಎಂದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ರಾಕ್ ಸಂಗೀತಗಾರ ಜೋಶ್ ಹೋಮ್ ಅದರ ನಿರ್ಮಾಪಕರಲ್ಲೊಬ್ಬರು. ಧ್ವನಿಮುದ್ರಣದ ಒಂದು ಭಾಗ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ನಡೆಯಿತು. ವೇಗ ತಗ್ಗಿತು, ದನಿ ಗಾಢವಾಯಿತು. ಆ ಆಲ್ಬಂಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

2013ರ ‘ಎ.ಎಂ.’ ಬಂದಾಗ ಭಾರವಾದ ಗಿಟಾರಿನೊಂದಿಗೆ ಹಿಪ್‌ಹಾಪ್‌ನ ನಿಧಾನ ತಾಳ ಬೆರೆಯಿತು. ಹಿಂದಿನಿಂದ ಏರುದನಿಯ ಸಹಗಾಯನ. ಬ್ಯಾಂಡಿಗೆ ಜಗತ್ತಿನೆಲ್ಲೆಡೆ ದೊಡ್ಡ ಕೇಳುಗ ವರ್ಗ ಸಿಕ್ಕಿತು. ಅದನ್ನೇ ಮತ್ತೆ ಮಾಡಬಹುದಿತ್ತು. ಆದರೆ ಗಾಯಕ ಅಲೆಕ್ಸ್ ಟರ್ನರ್ ಪಿಯಾನೊ ಮುಂದೆ ಕುಳಿತು 2018ರ ಆಲ್ಬಂನ ಹಾಡುಗಳನ್ನು ಬರೆದರು. 2022ರ ‘ದಿ ಕಾರ್’ನಲ್ಲಿ ತಂತಿವಾದ್ಯಗಳೂ ತುಂಬಿಕೊಂಡವು. ಹಳೆಯ ಅಭಿಮಾನಿಗಳು ಕೆಲವರು ಮುನಿಸಿಕೊಂಡರು. ನನಗಂತೂ ಆ ಧೈರ್ಯವೇ ಇಷ್ಟ.