ಆಪ್ತ ಸಲಹೆ: ತಮ್ಮನ ಗುಟ್ಟು, ಮಾವನ ಮಗಳ ಬಾಳು

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಗೃಹಿಣಿ, ವಯಸ್ಸು 34. ನನ್ನ ತಮ್ಮ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದಾನೆ. ನಾಲ್ಕು ವರ್ಷದಿಂದ ಅವನ ಜೊತೆ ಒಬ್ಬ ಹುಡುಗ ಇದ್ದಾನೆ. ಮನೆಯವರೆಲ್ಲ ಅವನನ್ನು ರೂಮಿನ ಗೆಳೆಯ ಎಂದೇ ತಿಳಿದಿದ್ದಾರೆ. ತಾವಿಬ್ಬರೂ ಬಾಳ ಸಂಗಾತಿಗಳೆಂದು ತಮ್ಮ ಹೋದ ವರ್ಷ ನನಗೊಬ್ಬಳಿಗೇ ಹೇಳಿದ. ಈಗ ಅವ್ವ ನಮ್ಮ ಸೋದರಮಾವನಿಗೆ ಮಾತು ಕೊಟ್ಟಿದ್ದಾಳೆ. ದೀಪಾವಳಿ ಮುಗಿದ ಮೇಲೆ ಮಾವನ ಮಗಳೊಂದಿಗೆ ನಿಶ್ಚಯ. ತೋಪತೆನಿ ಸೆರಗಿನ ಇಳಕಲ್ ಸೀರೆ ಆಗಲೇ ಟ್ರಂಕಿನಲ್ಲಿದೆ. ತಮ್ಮ ಎಲ್ಲರ ಮುಂದೆ "ಆಗಲಿ" ಎಂದುಬಿಟ್ಟ. ನನಗೆ ಮಾತ್ರ "ಅಕ್ಕಾ, ಕಾಯ್ದೆ ಒಪ್ಪಿದ್ರ ನಾನೂ ಅಪ್ಪನ ಮುಂದ ನಿಂತು ಹೇಳ್ತಿದ್ದೆ, ಈಗ ಯಾವ ಬಾಯಿಲೆ ಹೇಳ್ಲಿ?" ಎನ್ನುತ್ತಾನೆ. ನಿವೃತ್ತ ಶಿಕ್ಷಕರಾದ ಅಪ್ಪ ಒಮ್ಮೆ ಟಿವಿಯಲ್ಲಿ ಈ ವಿಷಯ ಬಂದಾಗ, "ಸುಪ್ರೀಂ ಕೋರ್ಟೇ ಇದು ತಪ್ಪಂತ ಹೇಳೇತಿ, ಮುಗೀತು" ಎಂದಿದ್ದರು. ಹೋದ ಮಳೆಗಾಲದಲ್ಲಿ ತಮ್ಮನಿಗೆ ಡೆಂಗ್ಯೂ ಆದಾಗ ಆಸ್ಪತ್ರೆಯ ಅರ್ಜಿಯಲ್ಲಿ ಆ ಹುಡುಗನ ಸಹಿಯನ್ನು ಒಪ್ಪದೆ, ರಾತ್ರಿ ಹನ್ನೊಂದಕ್ಕೆ ನನಗೆ ಫೋನು ಮಾಡಿ "ರಕ್ತಸಂಬಂಧಿಕರು ಬರಬೇಕು" ಎಂದರು. ಮಾವನ ಮಗಳು ನಾನು ಎತ್ತಿ ಆಡಿಸಿದ ಕೂಸು, ಈಗ 23 ವರ್ಷ. ಸುಮ್ಮನಿದ್ದರೆ ಅವಳಿಗೆ ಮೋಸ, ಹೇಳಿದರೆ ತಮ್ಮನಿಗೆ ದ್ರೋಹ. ಪಂಚಮಿಗೆ ತವರಿಗೆ ಹೋಗುತ್ತಿದ್ದೇನೆ. ಆ ಹುಡುಗನನ್ನೂ ಕರೆತರುತ್ತೇನೆ ಎನ್ನುತ್ತಿದ್ದಾನೆ ತಮ್ಮ. ಯಾರೆಂದು ಪರಿಚಯಿಸಲಿ? ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಗಂಟುಗಳಿವೆ. ಒಂದು ಕಾಯ್ದೆಯದು, ಇನ್ನೊಂದು ಮನೆಯದು. ಮೊದಲನೆಯದನ್ನು ನಾನು ಸಾಕಷ್ಟು ಬಿಡಿಸಿ ಹೇಳಬಲ್ಲೆ. ಎರಡನೆಯದಕ್ಕೆ ಕೈ ಹಾಕಬೇಕಾದವರು ಬೇರೆಯವರು, ಅದರಲ್ಲೂ ಮೊದಲ ಕೈ ನಿಮ್ಮದಲ್ಲ.

ನಿಮ್ಮ ತಂದೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಒಂದು ತಪ್ಪು ತಿಳಿವಳಿಕೆಯನ್ನು ಅವರು ಮಾತ್ರವಲ್ಲ, ನಿಮ್ಮ ತಮ್ಮನೂ ನಂಬಿಕೊಂಡಂತಿದೆ. ಸುಪ್ರೀಂ ಕೋರ್ಟ್ ಈ ಸಂಬಂಧವನ್ನು ತಪ್ಪೆಂದು ಹೇಳಿಲ್ಲ. ವಯಸ್ಕರಿಬ್ಬರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಅಂಥವರಿಗೆ ಅನ್ವಯಿಸದು ಎಂದು ಅದೇ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ತಂದೆಯವರ ನೆನಪಿನಲ್ಲಿರುವುದು ಬಹುಶಃ 2023ರ ಅಕ್ಟೋಬರ್ 17ರ ತೀರ್ಪು. ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಹಾಗೂ ಇನ್ನೂ ಹಲವರು, 1954ರ ವಿಶೇಷ ವಿವಾಹ ಕಾಯ್ದೆಯಡಿ ತಮ್ಮ ಮದುವೆಯನ್ನೂ ನೋಂದಾಯಿಸಬೇಕೆಂದು ಕೇಳಿದ್ದರು. ಆ ಕಾಯ್ದೆಯು ಗಂಡಿಗೆ 21, ಹೆಣ್ಣಿಗೆ 18 ಎಂದು ವಯಸ್ಸು ಹೇಳುವಾಗ ಒಂದು ಗಂಡು ಒಂದು ಹೆಣ್ಣು ಎಂದೇ ಎಣಿಸಿ ಬರೆದದ್ದು. ಸಂವಿಧಾನದಲ್ಲಿ ಮದುವೆ ಎಂಬುದು ಮೂಲಭೂತ ಹಕ್ಕಾಗಿ ಇಲ್ಲ, ಕಾಯ್ದೆಯನ್ನು ತಾವು ಹೊಸದಾಗಿ ಬರೆಯಲಾಗದು, ಅದು ಶಾಸನಸಭೆಯ ಕೆಲಸ ಎಂಬಲ್ಲಿ ಐವರು ನ್ಯಾಯಮೂರ್ತಿಗಳೂ ಒಂದಾದರು. ಮದುವೆಯಲ್ಲದಿದ್ದರೂ ಬೇರೊಂದು ಹೆಸರಿನಲ್ಲಿ ಇಂಥ ಜೋಡಿಗಳ ಕೂಡುಬಾಳ್ವೆಗೆ ಕಾನೂನಿನ ಮನ್ನಣೆ ಸಿಗಬೇಕೇ ಎಂಬಲ್ಲಿ ಮಾತ್ರ ಒಡಕು ಬಂತು: ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಸಿಗಬೇಕೆಂದರು, ಉಳಿದ ಮೂವರು ಇಲ್ಲವೆಂದರು. ಆದರೆ ಇಲ್ಲವೆಂದ ತೀರ್ಪಿನಲ್ಲೂ, ಇಬ್ಬರು ತಮಗೆ ಬೇಕಾದವರನ್ನು ಆರಿಸಿಕೊಂಡು ಯಾರ ಕಾಟವೂ ಇಲ್ಲದೆ ಒಟ್ಟಿಗೆ ಬಾಳುವ ಹಕ್ಕನ್ನು ಒಪ್ಪಲಾಗಿದೆ. ತೀರ್ಪನ್ನು ಮರುಪರಿಶೀಲಿಸಬೇಕೆಂಬ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು. ಸದ್ಯಕ್ಕೆ ಆ ಬಾಗಿಲು ಮುಚ್ಚಿದೆ, ನಿಜ. ಆದರೆ ಒಂದು ಬಾಗಿಲು ಮುಚ್ಚಿತೆಂದು ಮಾವನ ಮನೆಯ ಬಾಗಿಲಿಗೆ ಹೋಗಿ ನಿಲ್ಲು ಎಂದು ಯಾವ ನ್ಯಾಯಮೂರ್ತಿಯೂ ನಿಮ್ಮ ತಮ್ಮನಿಗೆ ಹೇಳಿಲ್ಲ.

ಈ ಚರ್ಚೆಯಲ್ಲಿ ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಮದುವೆ ಎಂಬುದು ಸಂತಾನಕ್ಕೆ, ವಂಶಕ್ಕೆ, ಧರ್ಮಕ್ಕೆ ಸೇರಿದ್ದು, ಅದನ್ನು ಕೋರ್ಟು ಮುಟ್ಟಬಾರದು ಎನ್ನುವವರ ಆತಂಕ ನನಗೆ ಅರ್ಥವಾಗುತ್ತದೆ. ಅವರಲ್ಲಿ ಅನೇಕರು ಕೆಟ್ಟವರಲ್ಲ, ನಿಮ್ಮ ತಂದೆಯವರಂತೆ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದವರು. ಆದರೆ ನೀವು ಬರೆದ ಆಸ್ಪತ್ರೆಯ ರಾತ್ರಿಯನ್ನು ಓದಿದ ಮೇಲೆ, ಈ ಬೇಡಿಕೆ ಬಾಜಾಬಜಂತ್ರಿಗಾಗಿ ಅಲ್ಲ ಎಂಬುದು ಯಾರಿಗೂ ತಿಳಿಯಬೇಕು. ನಾಲ್ಕು ವರ್ಷ ಒಂದೇ ಒಲೆಯ ಅನ್ನ ಉಂಡವನು, ಜ್ವರ ಎಷ್ಟು ದಿನದ್ದು, ಯಾವ ಗುಳಿಗೆ ಒಗ್ಗುವುದಿಲ್ಲ ಎಂಬುದನ್ನೆಲ್ಲ ಬಲ್ಲವನು, ಅರ್ಜಿಯಲ್ಲಿ "ಸಂಬಂಧ" ಎಂಬ ಖಾಲಿ ಜಾಗದ ಮುಂದೆ ಪೆನ್ನು ಹಿಡಿದು ನಿಂತುಬಿಡುತ್ತಾನೆ. ಆ ಜಾಗವನ್ನು ತುಂಬುವ ಒಂದು ಶಬ್ದಕ್ಕಾಗಿಯೇ ಅವರೆಲ್ಲ ಕೋರ್ಟಿಗೆ ಹೋದದ್ದು. ಇದು ನಗರದ ಮೇಲ್ವರ್ಗದವರ ಬೇಡಿಕೆ ಎಂದು ಕೇಂದ್ರ ಸರಕಾರ ಅಂದು ವಾದಿಸಿತ್ತು. ಹೊಲದಲ್ಲಿ ದುಡಿಯುವ ಹಳ್ಳಿಯ ಹೆಣ್ಣುಮಗಳೂ ಇಂಥವಳಾಗಿರಬಹುದೆಂದು ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಅದಕ್ಕೆ ಉತ್ತರಿಸಿದರು. ನಮ್ಮ ಭಾಗದಿಂದ ಈ ಅಂಕಣಕ್ಕೆ ಬರುವ ಪತ್ರಗಳನ್ನು ಓದುವ ನನಗೆ ಆ ಉತ್ತರದ ಅಗತ್ಯವಿರಲಿಲ್ಲ.

ಮದುವೆಯಿಲ್ಲದೆಯೂ ಅವರಿಬ್ಬರು ಮಾಡಿಕೊಳ್ಳಬಹುದಾದ ಕೆಲವು ಕಾಗದಗಳಿವೆ. ಇಂಥ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವೇ ಸ್ಪಷ್ಟಪಡಿಸಿದೆ. ಪಡಿತರ ಚೀಟಿಯ ವಿಷಯದಲ್ಲಿಯೂ ಅವರನ್ನು ಒಂದೇ ಕುಟುಂಬವೆಂದು ಪರಿಗಣಿಸಲು ರಾಜ್ಯಗಳಿಗೆ ಸೂಚನೆ ಹೋಗಿದೆ. ಸ್ವಂತ ದುಡಿಮೆಯ ಆಸ್ತಿಗೆ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ ಮೃತ್ಯುಪತ್ರ ಸಾಕು, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಡುವುದು ಲೇಸು. ಮೃತ್ಯುಪತ್ರವಿಲ್ಲದೆ ಸಹಜವಾಗಿ ಬರುವ ವಾರಸುದಾರಿಕೆ, ಕುಟುಂಬ ಪಿಂಚಣಿ, ಇಬ್ಬರೂ ಸೇರಿ ದತ್ತು ಪಡೆಯುವುದು, ಇವು ಸಿಗುವುದಿಲ್ಲ.

ಇನ್ನು ಎರಡನೆಯ ಗಂಟು.

"ಕಾಯ್ದೆ ಒಪ್ಪಿದ್ದರೆ ಹೇಳುತ್ತಿದ್ದೆ" ಎಂಬ ತಮ್ಮನ ಮಾತನ್ನು ನಾನು ಪೂರ್ತಿ ನಂಬಲಾರೆ. ಕಾಯ್ದೆ ಒಪ್ಪಿದ್ದರೂ ಅಪ್ಪನ ಮುಂದೆ ನಿಲ್ಲುವ ಹೆದರಿಕೆ ಇದ್ದೇ ಇರುತ್ತಿತ್ತು. ಹೆದರಿಕೆಯನ್ನು ನಾನು ತಪ್ಪೆನ್ನುವುದಿಲ್ಲ, ನಮ್ಮ ಮನೆಗಳಲ್ಲಿ ಅದು ಸಹಜ. ಆದರೆ ಅವನ ಹೆದರಿಕೆಯ ಬೆಲೆಯನ್ನು ಅವನೇ ತೆರಬೇಕು, 23 ವರ್ಷದ ಇನ್ನೊಬ್ಬಳಲ್ಲ. ಆ ಮದುವೆ ಆದರೆ ಏನಾಗುತ್ತದೆಂದು ಅವನು ಒಮ್ಮೆ ಕೂತು ಯೋಚಿಸಲಿ. ಅವನು ಬೆಳಗಾವಿಯಲ್ಲಿ ಕೆಲಸದ ನೆಪ ಹೇಳಿ ತಡವಾಗಿ ಬಂದು ಮಲಗಬಹುದು. ಆದರೆ ವರ್ಷ ತುಂಬುವಷ್ಟರಲ್ಲಿ ಮಾವನ ಮಗಳಿಗೆ ಓಣಿಯ ಹೆಂಗಸರು "ಏನೂ ವಿಶೇಷ ಇಲ್ಲೇನು?" ಎಂದು ಕೇಳತೊಡಗುತ್ತಾರೆ; ಎರಡನೆಯ ವರ್ಷ ಅವಳನ್ನೇ ಡಾಕ್ಟರ ಬಳಿ ಕರೆದೊಯ್ಯುತ್ತಾರೆ, ಅವಳ ಹೆಸರಿನಲ್ಲೇ ಹರಕೆ ಹೊರುತ್ತಾರೆ; ತನ್ನಲ್ಲೇ ಏನೋ ಕೊರತೆಯಿದೆ ಎಂದು ಅವಳು ಕನ್ನಡಿಯ ಮುಂದೆ ನಿಂತು ಹುಡುಕಿಕೊಳ್ಳುತ್ತಾಳೆ. ಸತ್ಯ ಮುಚ್ಚಿಟ್ಟು ಪಡೆದ ಒಪ್ಪಿಗೆಯ ಮದುವೆಯನ್ನು ರದ್ದುಪಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ನಿನಡಿ ಕೋರ್ಟಿಗೆ ಹೋಗಬಹುದು. ಆದರೆ ಅದಕ್ಕಾಗಿ ಅವಳು ಸ್ವಂತ ಅತ್ತೆಯ ಮಗನ ಮೇಲೆ ದಾವೆ ಹೂಡಬೇಕು. ಆಗ ನಿಮ್ಮ ಅವ್ವನಿಗೆ ತವರೇ ಇಲ್ಲವಾಗುತ್ತದೆ.

ಆದ್ದರಿಂದ ಪಂಚಮಿಯವರೆಗೂ ಕಾಯಬೇಡಿ. ಈ ವಾರವೇ ತಮ್ಮನ ಜೊತೆ, ಸಾಧ್ಯವಾದರೆ ಎದುರಿಗೆ ಕೂತು, ಮಾತನಾಡಿ. ನಿಶ್ಚಯವನ್ನು ಅವನೇ, ಅವನ ಬಾಯಿಂದಲೇ ನಿಲ್ಲಿಸಬೇಕು ಎಂದು ಹೇಳಿ. ಹಾಗೆಂದು ಅವನು ತನ್ನ ಬದುಕನ್ನೆಲ್ಲ ಅಂದೇ ಬಿಚ್ಚಿಡಬೇಕಿಲ್ಲ. ಜಾತಕ ಕೂಡಲಿಲ್ಲ, ಸಂಬಂಧದಲ್ಲಿ ಮದುವೆ ಒಳ್ಳೆಯದಲ್ಲ ಎಂಬ ನೆಪಗಳನ್ನು ಯಾರಾದರೂ ಸೂಚಿಸಿದರೆ ಮಾತ್ರ ಬೇಡವೆನ್ನಿ. ಆ ನೆಪ ಈ ಹುಡುಗಿಯನ್ನು ಉಳಿಸಿ, ಮುಂದಿನ ಲಗ್ನದ ಸುಗ್ಗಿಯಲ್ಲಿ ಇನ್ನೊಬ್ಬಳನ್ನು ಅದೇ ಜಾಗಕ್ಕೆ ತಂದು ಕೂರಿಸುತ್ತದೆ. "ಈ ಹುಡುಗಿ ಬೇಡ" ಎಂದಲ್ಲ, "ನನಗೆ ಮದುವೆಯೇ ಬೇಡ, ಮಾವನ ಮಗಳಲ್ಲಿ ಏನೂ ಕೊರತೆಯಿಲ್ಲ" ಎಂದು ಅವನು ಹೇಳಬೇಕು. ಆ ಎರಡನೆಯ ತುಂಡನ್ನು ಮರೆಯಬಾರದು, ಏಕೆಂದರೆ ಸಂಬಂಧ ಮುರಿದಾಗ ಊರು ಮೊದಲು ನೋಡುವುದು ಹುಡುಗಿಯ ಮುಖವನ್ನೇ. ಅವನಿಗೆ ಸ್ವಂತ ಗಳಿಕೆ, ಸ್ವಂತ ಬಾಡಿಗೆ ಮನೆ ಇರುವುದರಿಂದ ಯಾರೂ ಅವನನ್ನು ಕೂಡಿಹಾಕಲಾರರು. ಅವನ ಜಾಗದಲ್ಲಿ ಊರಲ್ಲೇ ಇರುವ ಹೆಣ್ಣುಮಗಳೊಬ್ಬಳು ಇದ್ದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಅವನು ಒಪ್ಪದಿದ್ದರೆ? ಇದು ನಿಮ್ಮ ಪತ್ರದ ನಿಜವಾದ ಪ್ರಶ್ನೆ. ಅವನ ಗುಟ್ಟು ಅವನದು. ಅದನ್ನು ಹೊರಹಾಕುವ ಅಧಿಕಾರ ಅಕ್ಕನಿಗೂ ಇಲ್ಲ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಇಲ್ಲ. ಆದರೆ ಗುಟ್ಟು ಕಾಯುವುದು ಬೇರೆ, ಮೋಸದ ಕಾರ್ಯಕ್ಕೆ ಮುಂದೆ ನಿಂತು ಉಡಿ ತುಂಬುವುದು ಬೇರೆ. ನಾನು ನಿಮ್ಮ ಜಾಗದಲ್ಲಿದ್ದರೆ ತಮ್ಮನಿಗೆ ಒಂದು ದಿನಾಂಕ ಕೊಟ್ಟು, ಅದರೊಳಗೆ ನೀನು ಹೇಳದಿದ್ದರೆ ನಾನು ಮಾವನ ಮಗಳ ಬಳಿ ಹೋಗುತ್ತೇನೆ ಎಂದು ಮೊದಲೇ ತಿಳಿಸುತ್ತಿದ್ದೆ. ಹೋಗಿ ಅವಳಿಗೆ ಹೇಳಬೇಕಾದದ್ದು ಇಷ್ಟೇ: "ಅವನಿಗೆ ಈ ಮದುವೆಗೆ ಮನಸ್ಸಿಲ್ಲ, ನೀನು ಹೂಂ ಅನ್ನುವ ಮೊದಲು ಅವನ ಜೊತೆ ಒಬ್ಬಳೇ ಕೂತು ಕೇಳು." ಕಾರಣವನ್ನು ನೀವು ಹೇಳಬೇಡಿ. ಎದುರಿಗೆ ಕೂತು ನೇರವಾಗಿ ಕೇಳಿದಾಗ ನಿಮ್ಮ ತಮ್ಮ ಸುಳ್ಳು ಹೇಳಲಾರ ಎಂದು, ನೀವು ಅವನ ಬಗ್ಗೆ ಬರೆದ ರೀತಿಯಿಂದ ನನಗೆ ಅನಿಸುತ್ತದೆ.

ಅವ್ವನ ಪಾಲಿಗೆ ಇದು ಅಣ್ಣನಿಗೆ ಕೊಟ್ಟ ಮಾತು. ಆ ಮಾತು ಹಿಂತೆಗೆದುಕೊಳ್ಳಲು ಅವರು ಒಬ್ಬರೇ ತವರಿಗೆ ಹೋಗುವಂತಾಗಬಾರದು, ನೀವು ಜೊತೆಗಿರಿ. "ಹುಡುಗ ಒಪ್ಪಲಿಲ್ಲ" ಎಂಬ ಮಾತನ್ನು ಮಾವ ಮೊದಲ ಸಲ ಕೇಳುತ್ತಿರಲಾರರು. ಮುಂದೆ ಎಂದಾದರೂ ವಿಷಯ ತಿಳಿದಾಗ ಮನೆಯವರು ಹಿಡಿಯಬಹುದಾದ ಎರಡು ದಾರಿಗಳ ಬಗ್ಗೆಯೂ ಎಚ್ಚರವಿರಲಿ. ಒಂದು ಸವದತ್ತಿಯ ಗುಡ್ಡ, ಅಂದರೆ ಅವನನ್ನು ಎಲ್ಲಮ್ಮ ದೇವಿಗೆ ಬಿಡುವುದು. ಎಲ್ಲಮ್ಮನ ಕೊಡ ಹೊತ್ತು ಬರುವ ಜೋಗಪ್ಪನ ಕಾಲಿಗೆ ನಮ್ಮ ಹಿರಿಯರು ನಮಸ್ಕರಿಸುತ್ತ ಬಂದಿದ್ದಾರೆ, ಆ ಗೌರವ ದೊಡ್ಡದು. ಆದರೆ ಸೀರೆಯುಟ್ಟು ಜೋಗಪ್ಪನಾಗುವುದು ಬೇರೆ, ಗಂಡಸಾಗಿಯೇ ಇದ್ದು ಗಂಡಸನ್ನು ಪ್ರೀತಿಸುವುದು ಬೇರೆ. ಇನ್ನೊಂದು ದಾರಿ ಡಾಕ್ಟರದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಇದನ್ನು "ಬದಲಾಯಿಸುವ" ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಯಾರಾದರೂ ಗುಳಿಗೆ, ಸೂಜಿ, ಶಾಕು ಎಂದರೆ ಎದ್ದು ಬನ್ನಿ.

ಕೊನೆಗೆ ಪಂಚಮಿಯ ಮಾತು. ಆ ಹುಡುಗನನ್ನು ಯಾರೆಂದು ಪರಿಚಯಿಸಲಿ ಎಂದು ನನ್ನನ್ನು ಕೇಳಿದ್ದೀರಿ, ಆದರೆ ಅದನ್ನು ಅವರಿಬ್ಬರನ್ನೇ ಕೇಳಬೇಕು. ನಿಶ್ಚಯದ ಮಾತು ಇತ್ಯರ್ಥವಾಗದೆ ಅವನನ್ನು ಆ ಮನೆಗೆ ಕರೆತರುವುದು ಅವನಿಗೇ ಅನ್ಯಾಯ. ಜೋಕಾಲಿಯ ಕೆಳಗೆ ನಿಂತು ಅವನು ಮಾವನ ಮಗಳ ಸೀರೆಯ ಮಾತು ಕೇಳುತ್ತ ನಗಬೇಕಾಗುತ್ತದೆ. ಈ ಸಲ ತಮ್ಮ ಒಬ್ಬನೇ ಬರಲಿ. ಹಿಂದಿರುಗುವಾಗ ಅವನ ಚೀಲದಲ್ಲಿ ಶೇಂಗಾ ಉಂಡಿ, ಎಳ್ಳುಂಡಿಯ ಎರಡು ಡಬ್ಬಿ ಇಡಿ. ಎರಡನೆಯದು ಯಾರಿಗೆಂದು ಅವನು ಕೇಳುವುದಿಲ್ಲ. ಅವ್ವ ಕೇಳಿದರೆ, ಡೆಂಗ್ಯೂ ಬಂದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತವನಿಗೆ ಎಂದು ಹೇಳಿ.