ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಬೈಕ್: ಕಿಕ್ ಹೊಡೆಯುವ ಮುಂಚೆ ಏನೇನು ನೋಡಬೇಕು?

ಜೂನ್‌ನಲ್ಲಿ ತೀರ್ಥಹಳ್ಳಿ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಹೋದ 2016ರ 150 ಸಿಸಿ ಬೈಕು, ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬಂದಾಗ ಚೋಕ್ ಎಳೆದು ಕಿಕ್ ಹೊಡೆದರೆ ಸಾಕಾ ಅಂತ ಕೇಳಿದ್ದೀರಿ. ಸ್ಟಾರ್ಟ್ ಆದರೂ ಆಗಬಹುದು. ಆದರೆ ಮಲೆನಾಡಿನ ಮಳೆಗಾಲ ಕಳೆದ ಬೈಕನ್ನು ನೋಡದೆ ಸ್ಟಾರ್ಟ್ ಮಾಡಿದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ, ಅಷ್ಟೇ.

ಮೊದಲು ಬ್ಯಾಟರಿನೂ ಬೇಡ, ಪೆಟ್ರೋಲೂ ಬೇಡ. ಟಾರ್ಚ್ ಹಿಡಿದು ಸುತ್ತ ನೋಡಿ. ಸೈಲೆನ್ಸರ್ ಬಾಯಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ, ಅದನ್ನು ಒಳಗೆ ತಳ್ಳದೆ ಕಡ್ಡಿಯಿಂದ ಹೊರಗೆ ಕೆದಕಿ. ಆಮೇಲೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಅಡಿಕೆ, ಭತ್ತ ಇಡುವ ಶೆಡ್ ಆದರೆ ಇಲಿ ಇದ್ದೇ ಇರುತ್ತದಲ್ವಾ, ಫಿಲ್ಟರ್ ಪೇಪರನ್ನು ಚೂರು ಮಾಡಿ ಗೂಡು ಕಟ್ಟಿದ್ದರೆ ಆ ಚೂರುಗಳನ್ನು ಇಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಸೀಟಿನ ಕೆಳಗಿನ ವೈರ್‌ಗಳನ್ನೂ ನೋಡಿ. ಸೀಟಿನ ಮೇಲಿನ ಬೂಷ್ಟು ಒರೆಸಿದರೆ ಹೋಗುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾದ ತಲೆನೋವು ಪೆಟ್ರೋಲ್. ಈಗ ಪಂಪಿನಲ್ಲಿ ಸಿಗುವುದರಲ್ಲಿ 20% ವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಟ್ಯಾಂಕ್ ಅರ್ಧ ಖಾಲಿ ಬಿಟ್ಟಿದ್ದರೆ ಒಳಗೆ ಗಾಳಿ ಜಾಸ್ತಿ, ತೇವವೂ ಜಾಸ್ತಿ. ನೀರು ಒಂದು ಮಟ್ಟ ದಾಟಿದರೆ ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಎಳೆಯುವುದೂ ತಳದಿಂದಲೇ. ಹಾಗಾಗಿ ಬಯಲಲ್ಲಿ, ಬೆಂಕಿ ಬೀಡಿ ಏನೂ ಹತ್ತಿರ ಇಲ್ಲದ ಕಡೆ, ಪೈಪ್ ಕಳಚಿ ಕಾಕನ್ನು ರಿಸರ್ವ್‌ಗೆ ತಿರುಗಿಸಿ ಸ್ವಲ್ಪ ಪೆಟ್ರೋಲನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿಯಿರಿ. ಅಲುಗಾಡಿಸದೆ ಹತ್ತು ನಿಮಿಷ ಬಿಡಿ. ಕೆಳಗೊಂದು ಪದರ, ಮೇಲೊಂದು ಪದರ, ನಡುವೆ ಗೆರೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಗೆರೆ ಇಲ್ಲ, ವಾರ್ನಿಷ್ ಥರ ಹಳಸಲು ವಾಸನೆಯೂ ಇಲ್ಲ ಅಂದರೆ ಹೊಸ ಪೆಟ್ರೋಲ್ ಬೆರೆಸಿ ಓಡಿಸಬಹುದು. ಹಳೆಯದನ್ನು ಚರಂಡಿಗೆ ಮಾತ್ರ ಸುರಿಯಬೇಡಿ.

ನಿಮ್ಮದು ಕಾರ್ಬೊರೇಟರ್ (ಇಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಇರುವ ಗಾಡಿ. ಅದರ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಬೌಲಿನಲ್ಲಿ ಉಳಿದದ್ದನ್ನೂ ಇಳಿಸಿ. ಆಮೇಲೂ ಚೋಕ್ ಇದ್ದಾಗ ಮಾತ್ರ ಓಡಿ, ಇಂಜಿನ್ ಬಿಸಿಯಾದ ಮೇಲೂ ಚೋಕ್ ಬಿಟ್ಟ ತಕ್ಷಣ ಆಫ್ ಆಗುತ್ತಿದ್ದರೆ ಪೈಲಟ್ ಜೆಟ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಕೊಂಡಿದೆ ಅಂತ ಅನುಮಾನ ಪಡಿ. ಗಾಳಿ ಹೊಡೆಸಿ ಕ್ಲೀನ್ ಮಾಡಿಸಿ. ಸೂಜಿ, ತಂತಿ ಹಾಕಿದರೆ ತೂತು ದೊಡ್ಡದಾಗಿ ಮೈಲೇಜ್ ಕೆಡುತ್ತದೆ. (2020ರ ನಂತರದ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಇಲ್ಲ, ಹಾಗಾಗಿ ಅವು ಇರುವವರಿಗೆ ಈ ಕೆಲಸ ಹೆಚ್ಚುಕಡಿಮೆ ಇಲ್ಲ, ಕೀ ಎರಡು ಮೂರು ಸಲ ಆನ್-ಆಫ್ ಮಾಡಿ ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಸದ್ದು ಬರುತ್ತಾ ಕೇಳಿದರೆ ಸಾಕು.)

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಫುಲ್. 12ಕ್ಕೆ ಇಳಿದಿದ್ದರೆ ಅದು ಹೆಚ್ಚುಕಡಿಮೆ ಖಾಲಿ. "ಓಡಿಸ್ತಾ ಚಾರ್ಜ್ ಆಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ, ಪೇಟೆಗೆ ಹೋಗಿ ಬರುವಷ್ಟರಲ್ಲಿ ಸತ್ತ ಬ್ಯಾಟರಿ ತುಂಬುವುದಿಲ್ಲ. ಚಾರ್ಜರ್‌ಗೆ ನಿಧಾನಕ್ಕೆ ಹಾಕಿಸಿ, 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಫುಲ್ ಮಾಡಿ ಒಂದು ರಾತ್ರಿ ಸುಮ್ನೆ ಬಿಟ್ಟಾಗ ಮತ್ತೆ 12ರ ಹತ್ತಿರ ಬಂದರೆ ಹೊಸದು ಹಾಕಿಸಿ.

ಒಂದು ವಿಷಯ ಮರೆತೇಬಿಡುತ್ತಾರೆ: ಕ್ಲಚ್ ಪ್ಲೇಟ್. ನಿಂತು ನಿಂತು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇಂಜಿನ್ ಆಫ್ ಇರುವಾಗಲೇ ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿ ತಳ್ಳಿ ನೋಡಿ. ಚಕ್ರ ಜಗ್ಗುತ್ತಿದ್ದರೆ ಹಿಂದೆ ಮುಂದೆ ಆಡಿಸಿ ಬಿಡಿಸಿ. ಇಲ್ಲದಿದ್ದರೆ ಫಸ್ಟ್ ಗೇರ್ ಹಾಕಿದ ಕೂಡಲೇ ಗಾಡಿ ಜಿಗಿದು ಎದುರಿನ ಗೋಡೆಗೆ. ಅದೇ ಹೊತ್ತಿಗೆ ಆಯಿಲ್ ಕೂಡ ನೋಡಿ, ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಾಯಿಸದೆ ಇಂಜಿನ್ ಮುಟ್ಟಬೇಡಿ.

ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಹಿಂದಿನ ಡ್ರಮ್ ಬ್ರೇಕ್ ಹಿಡಿದದ್ದು ಬಿಡದೆ ಹೋಗಬಹುದು, ಹಾಗಾದರೆ ಚಕ್ರ ಬಿಚ್ಚಿಸಲೇಬೇಕು. ಚೈನಿಗೆ ಸೀಮೆಎಣ್ಣೆ, ಬ್ರಷ್, ಆಮೇಲೆ ಲ್ಯೂಬ್. ಟೈರಿಗೆ ಗಾಳಿ ಹಾಕಿಸುವಾಗ ಪಕ್ಕದ ನಾಲ್ಕು ಅಂಕಿ ಓದಿ: 3516 ಅಂದರೆ 2016ರ 35ನೇ ವಾರ ತಯಾರಾದದ್ದು. ಇನ್ನೂ ಅದೇ ಟೈರ್ ಇದ್ದರೆ ಹಲ್ಲು ಎಷ್ಟೇ ಇರಲಿ, ಆಗುಂಬೆ ಘಾಟಿ ಇಳಿಯಬೇಡಿ.

ಇನ್ನು ಇನ್ಶೂರೆನ್ಸ್ ತಾರೀಖು. ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಹೋಗುತ್ತದೆ. ಇದನ್ನು ಬೆಂಗಳೂರಿನಲ್ಲಿ ಕೂತು ಇವತ್ತೇ ನೋಡಿಬಿಡಿ.